ಸೊನ್ನೆಗೆ ಮೊದಲ ಮಣೆ

ಜಗತ್ತಿನ ಸಮಸ್ತ ಹೆಸರುಗಳ ವಿಳಾಸ ಬಲ್ಲವರೂ, ಕೇಳಿದ್ದಕ್ಕೆ ಮಾತ್ರ ಉತ್ತರಿಸುವ ಮಿತಭಾಷಿಗಳೂ, ಎಲ್ಲವೂ ಸರಿಯಾಗಿರುವವರೆಗೆ ತಾವೆಂಬವರೊಬ್ಬರು ಇದ್ದಾರೆಂಬುದೇ ಯಾರ ಗಮನಕ್ಕೂ ಬಾರದಂತೆ ನಡೆದುಕೊಳ್ಳುವ ಸಂಕೋಚದ ಸ್ವಭಾವದವರೂ ಆದ ಶ್ರೀಮಾನ್ ಡಿಎನ್‌ಎಸ್ ಅವರ ಸಮ್ಮುಖಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇದು ಬರಿಯ ಉಪಚಾರದ ಮಾತಲ್ಲ. ತಮಗೆ ಚೂರು ನೆಗಡಿಯಾದರೂ ಬ್ಯಾಂಕುಗಳು ಬಾಗಿಲು ಹಾಕಿಕೊಂಡಂತೆ ಕಾಣುತ್ತವೆ, ಪತ್ರಿಕೆಗಳು ತೆರೆಯುವುದಿಲ್ಲ, ಹವಾಮಾನದ ವರದಿಯೂ ಸಿಗದೆ ಜನ ಕಿಟಕಿಯಿಂದ ಹೊರಗೆ ಇಣುಕಿ ನೋಡಬೇಕಾಗುತ್ತದೆ ಎಂದು ಓದಿದ್ದೇನೆ. ಆದ್ದರಿಂದ ತಮ್ಮ ಆರೋಗ್ಯ ವಿಚಾರಿಸಿದರೆ ಊರಿನವರೆಲ್ಲರ ಆರೋಗ್ಯ ವಿಚಾರಿಸಿದಂತೆಯೇ ಸರಿ. ಇತ್ತ ನಾವೂ ಕ್ಷೇಮವಾಗಿದ್ದೇವೆ, ಕೆಳಗೆ ನಿವೇದಿಸಲಿರುವ ಸಂಗತಿಯೊಂದನ್ನು ಬಿಟ್ಟರೆ.

ಮೊದಲು ನನ್ನ ಪರಿಚಯ. ಅಳತೆಯ ಉಪಕರಣಗಳನ್ನೇ ಅಳೆದು ನೋಡುವ ಪ್ರಯೋಗಾಲಯವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಅಂಗಡಿಯ ತಕ್ಕಡಿ, ಆಸ್ಪತ್ರೆಯ ರಕ್ತದೊತ್ತಡದ ಮೀಟರು, ಬೇಕರಿಯ ಒಲೆಯ ಉಷ್ಣಮಾಪಕ ಇವೆಲ್ಲ ಹೇಳುತ್ತಿರುವುದು ನಿಜವೇ ಎಂದು ಪರೀಕ್ಷಿಸಿ, ವರದಿ ಬರೆದು, ಸಹಿ ಹಾಕುವುದು ನನ್ನ ಉದ್ಯೋಗ. ನನಗೆ ಐವತ್ತು ದಾಟಿದೆ. ನನ್ನದು ಮಾತು ಕಡಿಮೆ ಎಂದು ಮನೆಯವರು ಹೇಳುತ್ತಾರೆ. ನಾನು ಅದಕ್ಕೆ ಉತ್ತರ ಕೊಡಲು ಹೋಗಿಲ್ಲ.

ತಮ್ಮ ಪರಿಚಯವನ್ನೂ ಎರಡು ಮಾತಿನಲ್ಲಿ ಮಾಡಿಕೊಡಬೇಕಾಗಿದೆ, ಏಕೆಂದರೆ ಇದು ಬಹಿರಂಗ ಪತ್ರ, ಮತ್ತು ದಿನಕ್ಕೆ ನೂರು ಸಲ ತಮ್ಮಿಂದ ಉಪಕಾರ ಪಡೆಯುವವರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನೇ ಕೇಳಿಲ್ಲ. ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲ, ಹೆಸರು ಬೇಕು. ಯಂತ್ರಗಳಿಗೆ ಹೆಸರು ತಲೆಗೆ ಹತ್ತುವುದಿಲ್ಲ, ಅಂಕಿ ಬೇಕು. ಈ ಎರಡು ಪಂಗಡಗಳ ನಡುವೆ ಕುಳಿತು, ಇಂಥ ಹೆಸರಿನ ವೆಬ್‌ಸೈಟು ಇಂಥ ಯಂತ್ರದಲ್ಲಿದೆ, ಇಂಥ ಹೆಸರಿಗೆ ಬರುವ ಇಮೇಲ್ ಇಂಥ ಯಂತ್ರಕ್ಕೆ ಹೋಗಬೇಕು ಎಂದು ದಾರಿ ಹೇಳುವ ಹಿರಿಯರು ತಾವು. ಪ್ರತಿಯೊಂದು ಹೆಸರಿಗೂ ತಮ್ಮಲ್ಲಿ ಕೆಲವು ದಾಖಲೆಗಳಿರುತ್ತವೆ. ಅವನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಪರರ ಮನೆಯ ಅಂಚೆ ಯಾವ ಬಾಗಿಲಿಗೆ ಬೀಳುತ್ತದೆಂದು ದಾರಿಹೋಕನಿಗೂ ಹೇಳಿಬಿಡುವ ತಮ್ಮ ಔದಾರ್ಯ ದೊಡ್ಡದು. ಮನೆಯವರೇ ಕೇಳುವುದಿಲ್ಲ, ಅದು ತಮ್ಮ ತಪ್ಪಲ್ಲ.

ದೂರು ನನ್ನದಲ್ಲ, ನನ್ನ ಅಕ್ಕನದು; ದೂರುವ ಜಾಯಮಾನ ಅವಳದಲ್ಲವಾದ್ದರಿಂದ ಅವಳ ಪರವಾಗಿ ನಾನು ಬರೆಯುತ್ತಿದ್ದೇನೆ. ಅಕ್ಕ ಕೃತಕ ಕಣ್ಣುಗಳನ್ನು ಮಾಡುತ್ತಾಳೆ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ಅವಳಲ್ಲಿಗೆ ಬರುತ್ತಾರೆ. ಅವರ ಉಳಿದ ಕಣ್ಣನ್ನು ಎದುರಿಗಿಟ್ಟುಕೊಂಡು, ಎಣಿಸಿದರೆ ನಾಲ್ಕೇ ಕೂದಲಿರುವ ಕುಂಚದಲ್ಲಿ ಪದರದ ಮೇಲೆ ಪದರ ಬಣ್ಣ ಕೊಟ್ಟು, ಬಿಳಿಯ ಭಾಗದಲ್ಲಿ ಕೆಂಪು ರೇಷ್ಮೆಯ ನವಿರಾದ ಎಳೆಗಳನ್ನು ರಕ್ತನಾಳದಂತೆ ಕೂರಿಸಿ, ಅವಳು ಜೋಡಿಯನ್ನು ಪೂರ್ತಿ ಮಾಡುತ್ತಾಳೆ. ಆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಎದುರು ಕುಳಿತವರಿಗೆ ಅದು ಬೇರೆಯಾಗಿ ಕಾಣುವುದೂ ಇಲ್ಲ. ಅಷ್ಟೇ ಅದರ ಕೆಲಸ.

ಅವಳ ಕೋಣೆ ಒಬ್ಬ ದಂತವೈದ್ಯರ ಚಿಕಿತ್ಸಾಲಯದ ಮೇಲಿನ ಮಹಡಿಯಲ್ಲಿದೆ. ನೇರ ಬಿಸಿಲು ಬೀಳದೆ ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮನೆ ಬೆಳಕು ಕೊಡುವ ದೊಡ್ಡ ಕಿಟಕಿ ಅಲ್ಲಿದೆ, ಮತ್ತು ಅವಳ ಕಸುಬಿನ ಬಂಡವಾಳವೆಲ್ಲ ಆ ಕಿಟಕಿಯೇ. ಕುಂಚ ಹಿಡಿದಾಗ ಫೋನ್ ಬಡಿದುಕೊಂಡರೆ ಕೈ ಅಲುಗುತ್ತದೆಂದು ಅವಳು ತನ್ನ ವೆಬ್‌ಸೈಟಿನಿಂದ ಫೋನ್ ನಂಬರನ್ನು ತೆಗೆಸಿಬಿಟ್ಟಿದ್ದಾಳೆ. ಹೊಸಬರು ಹಗಲು ಬೆಳಕಿನಲ್ಲಿ ತೆಗೆದ ತಮ್ಮ ಕಣ್ಣಿನ ಫೋಟೋವನ್ನು ಇಮೇಲಿನಲ್ಲಿ ಕಳಿಸಬೇಕು. ನೋಡಿ, ಬಣ್ಣ ಮನಸ್ಸಿಗೆ ತಂದುಕೊಂಡು, ಆಮೇಲೆ ಅವಳು ಬರಹೇಳುತ್ತಾಳೆ. ಹಳಬರು ಮಾತ್ರ ಕಣ್ಣಿಗೆ ಹೊಳಪು ಕೊಡಿಸಿಕೊಳ್ಳಲು ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬರುತ್ತಾರೆ.

ವೆಬ್‌ಸೈಟಿನ ಉಸ್ತುವಾರಿ ಭಾವನವರದು. ಅವರು ನಿವೃತ್ತ ಗಣಿತದ ಮೇಷ್ಟ್ರು. ಒಂದು ಜನ್ಮಕ್ಕಾಗುವಷ್ಟು ಉತ್ತರಪತ್ರಿಕೆಗಳನ್ನು ತಿದ್ದಿದವರು. ಈಗಲೂ ಮನೆಯಲ್ಲಿ ಸಾರಿಗೆ, ಇಸ್ತ್ರಿಗೆ, ಪಕ್ಕದ ಮನೆಯವರ ನಡತೆಗೆ ಅಂಕ ಕೊಡುವ ರೂಢಿ ಇಟ್ಟುಕೊಂಡಿದ್ದಾರೆ. ಇಮೇಲ್ ನೋಡಿಕೊಳ್ಳುತ್ತಿದ್ದ ಹಳೆಯ ಕಂಪನಿ ನಿಧಾನವೆಂದು ಬೇಸರಗೊಂಡ ಅವರು ಹೊಸ ಕಂಪನಿಯೊಂದನ್ನು ಆರಿಸಿ, ಯಾರ ಸಹಾಯವನ್ನೂ ಪಡೆಯದೆ ತಮ್ಮಲ್ಲಿರುವ ಅಕ್ಕನ ದಾಖಲೆಗಳನ್ನು ಒಬ್ಬರೇ ಕೂತು ಬದಲಾಯಿಸಿದರು. ಪರೀಕ್ಷೆಗೆಂದು ಹೊಸ ಕಂಪನಿಯಲ್ಲಿನ ತಮ್ಮದೇ ಪೆಟ್ಟಿಗೆಯಿಂದ ಅಕ್ಕನ ಪೆಟ್ಟಿಗೆಗೆ ಒಂದು ಇಮೇಲ್ ಕಳಿಸಿದರು, ಅದು ಕಣ್ಣು ಮಿಟುಕಿಸುವುದರೊಳಗೆ ಬಂತು, ಹೊಸ ಕಂಪನಿಗೆ ನೂರಕ್ಕೆ ನೂರು ಎಂದು ಘೋಷಿಸಿದರು. ಒಂದೇ ಕಂಪನಿಯೊಳಗಿನ ಇಮೇಲ್ ತಮ್ಮನ್ನು ಕೇಳುವ ಗೋಜಿಗೇ ಹೋಗದೆ ಈ ಕೋಣೆಯಿಂದ ಆ ಕೋಣೆಗೆ ದಾಟಿಬಿಡುತ್ತದೆ, ಆದ್ದರಿಂದ ಆ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ತಮಗೆ ಗೊತ್ತಿತ್ತು. ತಾವು ಹೇಳಲಿಲ್ಲ, ಏಕೆಂದರೆ ನಾವು ಕೇಳಿರಲಿಲ್ಲ.

ಅಂದಿನಿಂದ ಅಕ್ಕನಿಗೆ ಹೊಸಬರ ಇಮೇಲ್ ಬರುವುದು ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರನ್ನು ಅನುಮಾನಿಸುತ್ತಿದ್ದರು. ಅಕ್ಕ ತನ್ನನ್ನೇ ಅನುಮಾನಿಸಿಕೊಂಡಳು. ವಯಸ್ಸಾಗುತ್ತ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದೆ, ಆಗ ನೀಲಿ ಹಸಿರುಗಳ ನಡುವಿನ ವ್ಯತ್ಯಾಸ ಮೊದಲು ಮಸುಕಾಗುತ್ತದೆ ಎಂದು ಅವಳ ಗುರುಗಳು ಹಿಂದೆ ಹೇಳಿದ್ದರಂತೆ. ತಾನು ಮಾಡಿದ ಯಾವುದೋ ಕಣ್ಣು ಜೋಡಿಗೆ ಹೊಂದಿಲ್ಲ, ಆ ಮಾತು ಬಾಯಿಂದ ಬಾಯಿಗೆ ಹರಡಿದೆ, ಹಳಬರು ಮುಖ ನೋಡಿ ಬರುತ್ತಿದ್ದಾರೆ, ಹೊಸಬರು ಮಾತು ಕೇಳಿ ಬರುತ್ತಿಲ್ಲ: ಇದು ಅವಳು ಕಟ್ಟಿಕೊಂಡ ಲೆಕ್ಕ. ಕಿಟಕಿಯ ಪಕ್ಕ ಕುಳಿತು ಒಂದೇ ಬಣ್ಣವನ್ನು ಮತ್ತೆ ಮತ್ತೆ ಕಲಸಿ, ಒರೆಸಿ, ಕಲಸುತ್ತಿದ್ದಳು. ಕೆಳಗಿನ ದಂತವೈದ್ಯರು ಹಲ್ಲಿನ ಬಣ್ಣ ಹೊಂದಿಸುವುದಕ್ಕೂ ಅಂಥದೇ ಬೆಳಕು ಬೇಕೆಂದು, ಕೋಣೆ ಬಿಟ್ಟುಕೊಡುವ ಯೋಚನೆ ಯಾವಾಗಲಾದರೂ ಬಂದರೆ ತಿಳಿಸಬೇಕೆಂದು ಹಿಂದೆಯೇ ಇಮೇಲಿನಲ್ಲಿ ವಿನಯದಿಂದ ಕೇಳಿದ್ದರು. ಆ ಯೋಚನೆ ಈಗ ಬರತೊಡಗಿತು.

ಕೊನೆಗೊಂದು ಸಂಜೆ ಅವಳು ನನ್ನನ್ನು ಕೋಣೆಗೆ ಕರೆಸಿಕೊಂಡು, ಬೇರೆಲ್ಲೋ ನೋಡುತ್ತ, "ನಿಮ್ಮಲ್ಲಿ ಎಲ್ಲಾನೂ ಅಳೀತೀರಲ್ಲ, ನನ್ನ ಕಣ್ಣು ಅಳೆದು ಹೇಳ್ತೀಯೇನೋ?" ಎಂದಳು. ನಮ್ಮ ಪ್ರಯೋಗಾಲಯದಲ್ಲಿ ಬಣ್ಣ ನೋಡುವ ಕೆಲಸದವರ ದೃಷ್ಟಿಯನ್ನು ಪರೀಕ್ಷಿಸಲು ಒಂದು ಪೆಟ್ಟಿಗೆ ಇದೆ. ಅದರಲ್ಲಿರುವ ಬಿಲ್ಲೆಗಳ ಬಣ್ಣ ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಮಾತ್ರ ಬದಲಾಗುತ್ತ ಹೋಗುತ್ತದೆ. ಕಲಸಿ ಸುರುವಿದರೆ, ನೋಡುವವರು ಮತ್ತೆ ಸಾಲಾಗಿ ಜೋಡಿಸಬೇಕು. ಅನುಮತಿ ಪಡೆದು ಪೆಟ್ಟಿಗೆಯನ್ನು ತಂದೆ. ಅಕ್ಕ ಜೋಡಿಸಿದಳು. ಪಂಡಿತರೂ ಒಂದೆರಡು ಕಡೆ ಎಡವುವ ಆ ಸಾಲಿನಲ್ಲಿ ಅವಳು ಒಂದು ಬಿಲ್ಲೆಯನ್ನೂ ಆಚೀಚೆ ಇಡಲಿಲ್ಲ.

ಇಲ್ಲಿ ನಮ್ಮ ಕೆಲಸದ ಒಂದು ನಿಯಮವನ್ನು ತಮ್ಮ ಅವಗಾಹನೆಗೆ ತರಬೇಕು. ಪರೀಕ್ಷೆಯ ಫಲಿತಾಂಶವನ್ನು ನಾವು ಸ್ಥಳದಲ್ಲೇ ಬಾಯಿಮಾತಿನಲ್ಲಿ ಹೇಳಕೂಡದು. ಮುಖಭಾವದಲ್ಲಿ ಕೂಡ ಸೂಚಿಸಕೂಡದು. ಲೆಕ್ಕ ಮಾಡಿ, ಎರಡನೆಯ ಸಲ ಸರಿನೋಡಿ, ಸಹಿ ಮಾಡಿದ ವರದಿಯಲ್ಲಿಯೇ ತಿಳಿಸಬೇಕು. ಆ ನಿಯಮದಂತೆ ನಾನು ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬಿ, "ವರದಿ ಕಳಿಸ್ತೀನಿ" ಎಂದಷ್ಟೇ ಹೇಳಿ ಹೊರಟುಬಂದೆ. ಮರುದಿನವೇ, ದೃಷ್ಟಿಯಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದು ಸಹಿ ಮಾಡಿದ ವರದಿಯನ್ನು ಕಚೇರಿಯಿಂದ ಅಕ್ಕನ ಇಮೇಲಿಗೆ ಕಳಿಸಿದೆ.

ಮಾನ್ಯರೇ, ಭಾನುವಾರದ ಊಟಕ್ಕೆ ನಾನು ಅಕ್ಕನ ಮನೆಗೆ ಹೋಗುವುದು ವಾಡಿಕೆ. ಆ ಭಾನುವಾರವೂ ಹೋದೆ, ಮುಂದಿನದಕ್ಕೂ ಹೋದೆ. ಅಕ್ಕ ವರದಿಯ ಮಾತೆತ್ತಲಿಲ್ಲ. ಓದಿದ್ದಾಳೆ, ಹೆಚ್ಚು ಹೇಳಿಕೊಳ್ಳುವ ಸ್ವಭಾವ ಅವಳದಲ್ಲ, ಎಂದು ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದುದನ್ನು ಕಂಡು, ತಮ್ಮನಿಗೆ ಹೇಳಲು ಬಾಯಿ ಬರುತ್ತಿಲ್ಲ ಎಂದು ಅವಳು ತಿಳಿದುಕೊಂಡಳು. ಇಬ್ಬರೂ ಒಬ್ಬರಿಗೊಬ್ಬರು ಪಲ್ಯ ಬಡಿಸಿಕೊಂಡೆವು. ಮೂರನೆಯ ಸಲ ಕುಳಿತಾಗ ಅವಳೇ, ನನ್ನ ತಟ್ಟೆಯ ಕಡೆ ನೋಡುತ್ತ, "ನೀನು ಹೇಳದೇ ಇದ್ದದ್ದೇ ಒಳ್ಳೇದಾಯ್ತು ಬಿಡು, ನನಗೂ ಅರ್ಥ ಆಯ್ತು. ಕೋಣೆ ಬಿಟ್ಟುಕೊಡ್ತೀನಿ ಅಂತ ಡಾಕ್ಟ್ರಿಗೆ ಬರೆದಾಯ್ತು" ಎಂದಳು.

ನಾನು ವರದಿಯ ವಿಷಯ ಹೇಳಿದೆ. ಯಾವ ವರದಿ ಎಂದಳು. ಕಣ್ಣು ಸರಿಯಾಗಿಯೇ ಇದೆ ಎಂದೆ. ಅವಳು ನಕ್ಕು, "ಈಗ ಸಮಾಧಾನಕ್ಕೆ ಹೇಳ್ತಿದ್ದೀಯ. ನೀನು ಸಮಾಧಾನ ಹೇಳೋಕೆ ಬಂದೆ ಅಂದ್ರೆ ತುಂಬಾನೇ ಕೆಟ್ಟಿದೆ ಅಂತ ಆಯ್ತು" ಎಂದಳು. ನನ್ನ ಬಾಯಿಮಾತಿಗೆ ಮನೆಯಲ್ಲಿ ಎಷ್ಟು ಬೆಲೆಯಿದೆ ಎಂಬುದು ಅಂದು ತಿಳಿಯಿತು. ಕಚೇರಿಯ ಇಮೇಲ್ ಕಚೇರಿಯೊಳಗೆ ಮಾತ್ರ ತೆರೆಯುವುದರಿಂದ, ಕಳಿಸಿದ್ದೇನೆಂದು ತೋರಿಸುವಂತೆಯೂ ಇರಲಿಲ್ಲ. ಇಮೇಲ್ ವ್ಯವಸ್ಥೆ ನೂರಕ್ಕೆ ನೂರು ಸರಿಯಿದೆ, ಕಳಿಸಿದ್ದರೆ ಬಾರದೆ ಎಲ್ಲಿಗೆ ಹೋಗುತ್ತದೆ ಎಂದು ಭಾವ ಮಧ್ಯೆ ಬಾಯಿ ಹಾಕಿ ನನ್ನನ್ನು ಸುಳ್ಳುಗಾರನ ಸ್ಥಾನದಲ್ಲಿ ಕೂರಿಸಿದರು.

ಹೀಗಾಗಿ, ಕೈ ತೊಳೆದುಕೊಂಡು, ಭಾವನವರ ಕಂಪ್ಯೂಟರಿನ ಮುಂದೆ ಕುಳಿತು, ತಮ್ಮ ದರ್ಶನ ಬೇಡಿದೆ.

ತಮ್ಮ ದಾಖಲೆಗಳನ್ನು ಓದಿ ಹೇಳುವ ತಾಣಗಳು ಬೇಕಾದಷ್ಟಿವೆ. ಅಕ್ಕನ ವೆಬ್‌ಸೈಟಿನ ಡೊಮೈನ್ ಹೆಸರನ್ನು ಬರೆದು ಗುಂಡಿ ಒತ್ತಿದೆ. ಮೊದಲನೆಯದು ಎ ದಾಖಲೆ, ಎಂದರೆ ವೆಬ್‌ಸೈಟಿನ ಮನೆ ನಂಬರು. ಅದು ಸರಿಯಾಗಿತ್ತು, ಹಾಗಾಗಿಯೇ ಸೈಟು ದಿನವೂ ನಗುನಗುತ್ತ ತೆರೆದು, ತಾವು ಬರೆಯಿರಿ ನಾವು ಉತ್ತರಿಸುತ್ತೇವೆ ಎಂದು ಲೋಕಕ್ಕೆ ಭರವಸೆ ಕೊಡುತ್ತಿತ್ತು. ಎರಡನೆಯದು ಎಂಎಕ್ಸ್ ದಾಖಲೆ. ಈ ಹೆಸರಿಗೆ ಬರುವ ಇಮೇಲನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು ಎಂಬುದು ಅದರಲ್ಲಿರುತ್ತದೆ. ಒಂದಕ್ಕಿಂತ ಹೆಚ್ಚು ಯಂತ್ರಗಳಿದ್ದರೆ ಯಾವುದನ್ನು ಮೊದಲು ಪ್ರಯತ್ನಿಸಬೇಕೆಂದು ತಿಳಿಸಲು ಪ್ರತಿಯೊಂದರ ಪಕ್ಕದಲ್ಲೂ ಒಂದು ಸಂಖ್ಯೆ ಇರುತ್ತದೆ. ಅಲ್ಲಿ ಎರಡು ಸಾಲುಗಳಿದ್ದವು. ಹೊಸ ಕಂಪನಿಯ ಪಕ್ಕದಲ್ಲಿ ನೂರು. ಹಳೆಯ ಕಂಪನಿಯ ಪಕ್ಕದಲ್ಲಿ ಸೊನ್ನೆ.

ನನಗೂ ಮೊದಲ ನೋಟಕ್ಕೆ ಏನೂ ತಪ್ಪು ಕಾಣಲಿಲ್ಲ. ಆಮೇಲೆ ತಮ್ಮ ನಿಯಮಾವಳಿಯನ್ನು ಹುಡುಕಿ ಓದಿದೆ: ಸಂಖ್ಯೆ ಸಣ್ಣದಾದಷ್ಟೂ ಪಾಳಿ ಮೊದಲು. ಸೊನ್ನೆಗೆ ಮೊದಲ ಮಣೆ. ಅದು ಬಾಗಿಲು ತೆರೆಯದಿದ್ದರೆ ಮಾತ್ರ ನೂರರ ಹತ್ತಿರ ಹೋಗುವುದು. ಹಳೆಯ ಕಂಪನಿ ಎಂದೂ ಬಾಗಿಲು ಹಾಕಿರಲಿಲ್ಲ.

ಭಾವನವರನ್ನು ಕರೆದು, ಆ ಎರಡು ಸಂಖ್ಯೆಗಳನ್ನು ಬರೆದವರು ಯಾರೆಂದು ಕೇಳಿದೆ. ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡರು. ಆದ್ಯತೆ ಎಂದು ಬರೆದ ಒಂದು ಖಾನೆ ಖಾಲಿ ಇತ್ತಂತೆ. ಖಾಲಿ ಖಾನೆಯನ್ನು ಕಂಡರೆ ಅಂಕ ತುಂಬುವುದು ಅವರ ಕೈಗೆ ಅಂಟಿದ ಅಭ್ಯಾಸ. ಚುರುಕಾದದ್ದಕ್ಕೆ ನೂರು ಕೊಟ್ಟರು, ಮೈಗಳ್ಳನಿಗೆ ಸೊನ್ನೆ ಕೊಟ್ಟರು. ನಾನು ತಮ್ಮ ನಿಯಮವನ್ನು ವಿವರಿಸಿದಾಗ ಅವರಿಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. "ಸೊನ್ನೆ ತಗೊಂಡವನನ್ನ ಮೊದಲನೇ ಬೆಂಚಲ್ಲಿ ಕೂರಿಸೋದಕ್ಕೆ ಇದು ಯಾವ ಶಾಲೆಯಯ್ಯಾ? ಇದಕ್ಕೊಬ್ಬ ಇನ್‌ಸ್ಪೆಕ್ಟರ್ ಅಂತ ಇಲ್ವಾ?" ಎಂದರು. ಫೇಲಾದವನ ಹೆಸರನ್ನು ಹಾಜರಿಯಲ್ಲಿ ಇಟ್ಟುಕೊಂಡದ್ದೇಕೆ, ಅಳಿಸಿಹಾಕಬಾರದಿತ್ತೇ ಎಂದು ಅಕ್ಕ ಕೇಳಿದ್ದಕ್ಕೆ, "ಫೇಲಾದ ಅಂತ ಆಚೆಗೆ ಹಾಕ್ತಾರೇನೇ? ಇನ್ನೊಂದು ವರ್ಷ ಕೂತು ಓದ್ಲಿ ಅಂತ ಬಿಟ್ಟೆ" ಎಂದರು. ಮೇಷ್ಟ್ರಾಗಿದ್ದಷ್ಟು ಕಾಲವೂ ಒಬ್ಬನನ್ನೂ ಶಾಲೆಯಿಂದ ಹೊರಗೆ ಹಾಕದವರು ಅವರು. ತಮ್ಮ ದಾಖಲೆಗಳ ಇತಿಹಾಸದಲ್ಲಿ ಕರುಣೆಯಿಂದ ಉಳಿದುಕೊಂಡ ಎಂಎಕ್ಸ್ ಸಾಲು ಇದೊಂದೇ ಇರಬಹುದು.

ಹಳೆಯ ಪೆಟ್ಟಿಗೆಯ ಪಾಸ್‌ವರ್ಡ್ ಭಾವನವರಿಗೆ ನೆನಪಿತ್ತು. ತೆರೆದೆವು. ಒಂದೂ ಕಳೆದಿರಲಿಲ್ಲ, ಒಂದೂ ಹಿಂದಿರುಗಿರಲಿಲ್ಲ. ತಾವು ತೋರಿಸಿದ ದಾರಿಯಲ್ಲಿ ಬಂದ ಪ್ರತಿಯೊಂದು ಇಮೇಲನ್ನೂ ಆ ಹಳೆಯ ಯಂತ್ರ ಪ್ರಾಮಾಣಿಕವಾಗಿ ಸ್ವೀಕರಿಸಿ, ಅಚ್ಚುಕಟ್ಟಾಗಿ ಜೋಡಿಸಿ, ಯಾರಿಗೂ ಹೇಳದೆ ಇಟ್ಟುಕೊಂಡಿತ್ತು. ತಲುಪಲಿಲ್ಲವೆಂದು ಒಬ್ಬ ಕಳಿಸಿದವನಿಗಾದರೂ ಹೇಳಿದ್ದರೆ ಅದು ಕರ್ತವ್ಯಲೋಪವಾಗುತ್ತಿತ್ತು. ಅದು ಕರ್ತವ್ಯಲೋಪ ಮಾಡಲಿಲ್ಲ. ಪೆಟ್ಟಿಗೆಯ ತುಂಬ ಕಣ್ಣುಗಳು. ಕಂದು, ಜೇನು, ಬೂದು, ಒಂದು ಮಗುವಿನ ಎಣ್ಣೆಗಪ್ಪು, ಎಲ್ಲವೂ ಕಿಟಕಿಯ ಬೆಳಕಿನಲ್ಲಿ ತೆಗೆದವು, ಎಲ್ಲವೂ ನೇರವಾಗಿ ನಮ್ಮನ್ನೇ ನೋಡುತ್ತಿದ್ದವು. ಅಕ್ಕ ಕುರ್ಚಿ ಎಳೆದುಕೊಂಡು ಕುಳಿತಳು.

ಅವುಗಳಲ್ಲಿ ಮೂರು ಒಬ್ಬ ಕ್ಷೌರಿಕರದು. ಮೊದಲನೆಯದರಲ್ಲಿ ಅವರು ತಮ್ಮ ಕಷ್ಟವನ್ನು ಬರೆದುಕೊಂಡಿದ್ದರು: ನನ್ನ ಅಂಗಡಿಯಲ್ಲಿ ಗಿರಾಕಿ ಕನ್ನಡಿಗೆ ಮುಖ ಮಾಡಿ ಕೂರುತ್ತಾನೆ, ಕೂತಷ್ಟು ಹೊತ್ತೂ ಅವನಿಗೆ ಕಾಣುವುದು ಹಿಂದೆ ನಿಂತ ನನ್ನ ಮುಖವೇ, ಆದ್ದರಿಂದ ಈಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೇನೆ, ತಮ್ಮ ಕೂದಲು ಹೇಗಾಗುತ್ತಿದೆ ಎಂದು ಕಾಣದೆ ಜನ ಗಾಬರಿಯಾಗುತ್ತಿದ್ದಾರೆ. ಎರಡನೆಯದು ಬರಿಯ ನೆನಪೋಲೆ. ಮೂರನೆಯದನ್ನು ಅಕ್ಕ ಗಟ್ಟಿಯಾಗಿ ಓದಿದಳು: "ಅಮ್ಮಾ, ನನ್ನ ಕಣ್ಣಿನ ಬಣ್ಣ ಕಷ್ಟದ್ದು ಅಂತ ಕಾಣುತ್ತೆ. ಆಗಲ್ಲ ಅಂದ್ರೆ ಆಗಲ್ಲ ಅಂತ ಒಂದು ಮಾತು ಬರೆದುಬಿಡಿ, ನಾನೇನೂ ಅಂದುಕೊಳ್ಳಲ್ಲ." ಅವಳು ಆ ಫೋಟೋವನ್ನು ದೊಡ್ಡದು ಮಾಡಿ ತುಸು ಹೊತ್ತು ನೋಡಿ, ಏನು ಕಷ್ಟ ಇದರಲ್ಲಿ, ಅಂಚಿನಲ್ಲಿ ಒಂದು ಹಸಿರಿದೆ ಅಷ್ಟೇ ತಾನೆ, ಎಂದಳು. ಆ ಹಸಿರು ನನಗೆ ಕಾಣಲಿಲ್ಲ, ಭಾವನವರಿಗೂ ಕಾಣಲಿಲ್ಲ. ನನ್ನ ವರದಿ ಅದರ ಮೇಲಿನ ಸಾಲಿನಲ್ಲಿತ್ತು. ತೆರೆದು ಓದಿದಳು, ಕಳಿಸಿದ ತಾರೀಖನ್ನು ನೋಡಿದಳು, ಮುಚ್ಚಿದಳು.

ಆದರೆ ಅಷ್ಟರಲ್ಲಿ ಅವಳು ಮಾತು ಕೊಟ್ಟಾಗಿತ್ತು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವವಳಲ್ಲ ಅವಳು. ಈ ವಿಷಯದಲ್ಲಿ ಅವಳದು ಭಾವನವರಿಗಿಂತ ಬಿಗಿಯಾದ ಶಾಲೆ. ಕೋಣೆ ಹೋದರೆ ಹೋಗಲಿ, ಬಂದ ಕೆಲಸಗಳನ್ನು ಮುಗಿಸುವವರೆಗಾದರೂ ಕಿಟಕಿಯ ಬಳಿ ಕೂರಲು ಬಿಡಿ ಎಂದು ವೈದ್ಯರಲ್ಲಿ ಕೇಳಿಕೊಳ್ಳಲು ಮರುದಿನ ನನ್ನನ್ನೂ ಕರೆದುಕೊಂಡು ಕೆಳಗಿಳಿದಳು. ವೈದ್ಯರು ಅವಳನ್ನು ಕಂಡೊಡನೆ ಕೈಗವಸು ಕಳಚಿ ಎದ್ದು ನಿಂತು, ಅವಳು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳಿದರು.

"ನೀವು ಉತ್ತರ ಬರೀಲಿಲ್ಲ ಅಂದ್ಮೇಲೆ ನನಗೆ ಅರ್ಥ ಆಯ್ತಮ್ಮಾ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದಕ್ಕೆ ನಿಮಗೆ ಸಂಕೋಚ. ಕೇಳಿದ್ದೇ ನನ್ನ ತಪ್ಪು. ಎದುರುಗಡೆ ಕಟ್ಟಡದಲ್ಲಿ ಒಂದು ಕೋಣೆ ನೋಡಿದೆ, ಬೀಗದಕೈನೂ ಇಸ್ಕೊಂಡಾಯ್ತು" ಎಂದರು.

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ನೋಡಿದೆ. ಸುಳ್ಳು ಹೇಳುವುದು ಅವಳಿಗೆ ಬಾರದು. ಆದ್ದರಿಂದ, "ಪರವಾಗಿಲ್ಲ ಬಿಡಿ ಡಾಕ್ಟ್ರೇ" ಎಂದಷ್ಟೇ ಹೇಳಿದಳು.

ಅವಳು ಬರೆದ ಒಪ್ಪಿಗೆ ಎಲ್ಲಿ ಹೋಯಿತು ಎಂಬುದನ್ನು ತಿಳಿಯಲು ನಾನು ಎರಡನೆಯ ಸಲ ತಮ್ಮ ಸನ್ನಿಧಿಗೆ ಬರಬೇಕಾಯಿತು. ತಮ್ಮಲ್ಲಿ ಟಿಎಕ್ಸ್‌ಟಿ ಎಂಬ ಇನ್ನೊಂದು ಬಗೆಯ ದಾಖಲೆ ಇದೆ. ಬಾಗಿಲಿಗೆ ಅಂಟಿಸಿದ ಚೀಟಿಯಂತೆ. ನಮ್ಮ ಹೆಸರಿನಲ್ಲಿ ಪತ್ರ ಕಳಿಸುವ ಅಧಿಕಾರ ಯಾವ ಯಂತ್ರಗಳಿಗಿದೆ ಎಂದು ಅದರಲ್ಲಿ ಬರೆದಿರುತ್ತಾರೆ, ಬೇರೆ ಯಂತ್ರದಿಂದ ಬಂದದ್ದನ್ನು ನಂಬಬೇಡಿ ಎಂದು ಎಚ್ಚರಿಸಿರುತ್ತಾರೆ. ಅಕ್ಕನ ಚೀಟಿಯಲ್ಲಿ ಹಳೆಯ ಕಂಪನಿಯ ಹೆಸರು ಮಾತ್ರ ಇತ್ತು. ಭಾವ ಅದನ್ನು ಮುಟ್ಟಿರಲಿಲ್ಲ, ಏಕೆಂದರೆ ಅದರಲ್ಲಿ ಅಂಕ ತುಂಬುವ ಖಾನೆಯೇ ಇರಲಿಲ್ಲ. ಆದ್ದರಿಂದ ಹೊಸ ಯಂತ್ರದಿಂದ ಹೊರಟ ಅವಳ ಒಪ್ಪಿಗೆ, ಲಾಟರಿ ಗೆದ್ದವರ ಮತ್ತು ಕೂದಲು ಬೆಳೆಸುವವರ ಪತ್ರಗಳ ಜೊತೆ, ವೈದ್ಯರ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿತ್ತು. ಈಗಲೂ ಅಲ್ಲಿಯೇ ಇರಬಹುದು.

ದೂರು ಇಲ್ಲಿಗೆ ತೊಡಕಾಗುತ್ತದೆ, ಮಾನ್ಯರೇ. ತಮ್ಮ ಒಂದು ದಾಖಲೆ ಅಕ್ಕನ ಕೋಣೆಯನ್ನು ಕಳೆಯಿತು, ಮತ್ತೊಂದು ದಾಖಲೆ ಅದನ್ನು ಉಳಿಸಿತು, ಎರಡೂ ತಪ್ಪಾಗಿದ್ದವು, ಎರಡನ್ನೂ ಬರೆದಿದ್ದಂತೆಯೇ ತಾವು ಓದಿ ಹೇಳಿದಿರಿ. ಬೈಯುವುದೋ ಹೊಗಳುವುದೋ ಎಂದು ತೂಗಿ ನೋಡಿದೆ; ತೂಗುವುದು ನನ್ನ ಕಸುಬಾದರೂ ಮುಳ್ಳು ನಿಲ್ಲಲಿಲ್ಲ. ಆದ್ದರಿಂದ ಬೇಡಿಕೆಗಳಿಗೆ ಬರುತ್ತೇನೆ.

ಮೊದಲನೆಯದಾಗಿ, ಸೊನ್ನೆ ಪಡೆದವರನ್ನು ಹಿಂದಿನ ಬೆಂಚಿಗೆ ಕಳಿಸುವ ವ್ಯವಸ್ಥೆಯನ್ನು ಜಗತ್ತಿನಾದ್ಯಂತ ಜಾರಿಗೆ ತರಬೇಕೆಂದು ಭಾವನವರ ಪರವಾಗಿ ವಿನಂತಿ. ಕೋಟ್ಯಂತರ ದಾಖಲೆಗಳನ್ನು ತಿದ್ದಬೇಕಾಗುತ್ತದೆ ಎಂದು ನಾನು ಹೇಳಿ ನೋಡಿದೆ. ಭಾವನವರು ಬೇಸಿಗೆ ರಜೆಯಲ್ಲಿ ಅದಕ್ಕಿಂತ ದೊಡ್ಡ ಉತ್ತರಪತ್ರಿಕೆಯ ಕಟ್ಟುಗಳನ್ನು ತಿದ್ದಿರುವುದಾಗಿಯೂ, ಬೇಕಾದರೆ ಬಂದು ಕೈಜೋಡಿಸುವುದಾಗಿಯೂ ಹೇಳಿದ್ದಾರೆ. ಅಲ್ಲಿಯವರೆಗೆ ಹಳೆಯ ಕಂಪನಿಯ ಸಾಲನ್ನು ಅಳಿಸಲು ಅವರನ್ನು ಒಪ್ಪಿಸಿದ್ದೇನೆ. ವರ್ಗಾವಣೆ ಪತ್ರ ಕೊಟ್ಟು ಕಳಿಸಿದ್ದೇನೆಂದು ಅವರು ಅದನ್ನು ವಿವರಿಸುತ್ತಾರೆ.

ಎರಡನೆಯದಾಗಿ ತಮ್ಮ ಮರೆವಿನ ಕುರಿತು. ದಾಖಲೆಯನ್ನು ತಿದ್ದಿದ ಮೇಲೂ ಕೆಲವು ಕಾಲ ಕೆಲವರು ಹಳೆಯ ವಿಳಾಸಕ್ಕೇ ಹೋಗುತ್ತಾರೆ. ಒಂದು ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು, ಅದಾದ ಮೇಲೆ ಮರೆತು ಮತ್ತೆ ಕೇಳಬೇಕು ಎಂದು ಪ್ರತಿಯೊಂದು ದಾಖಲೆಯ ಮೇಲೂ ತಾವು ಅವಧಿ ಬರೆದಿಟ್ಟಿದ್ದೀರಿ. ಇದು ಅದ್ಭುತ ವ್ಯವಸ್ಥೆ. ನಮ್ಮ ಮನೆತನಕ್ಕೂ ಇದನ್ನು ವಿಸ್ತರಿಸಲು ಸಾಧ್ಯವೇ ಪರಿಶೀಲಿಸಬೇಕು. ಅಕ್ಕನ ಮದುವೆಯ ದಿನ ನಮ್ಮ ಚಿಕ್ಕಪ್ಪ ಮದುಮಗನನ್ನು ಮಾತನಾಡಿಸದೆ ಹೋದರೆಂಬ ಸಂಗತಿ ಭಾವನವರಲ್ಲಿ ಇನ್ನೂ ಅವಧಿ ಮುಗಿಯದೆ ಉಳಿದಿದೆ, ಮತ್ತು ಚಿಕ್ಕಪ್ಪನವರನ್ನು ಮತ್ತೆ ಕೇಳುವಂತೆಯೂ ಈಗ ಇಲ್ಲ.

ಇನ್ನು ಆ ಚೀಟಿಯ ವಿಷಯ. ಅದನ್ನು ನಾನು ಈಗ ಸರಿಪಡಿಸಿದ್ದೇನೆ, ಹೊಸ ಕಂಪನಿಯ ಹೆಸರನ್ನು ಸೇರಿಸಿದ್ದೇನೆ. ಅಕ್ಕ ಬರೆದದ್ದೆಲ್ಲ ಇನ್ನು ಮುಂದೆ ಸೇರಬೇಕಾದವರಿಗೆ ಸೇರುತ್ತದೆ. ತನ್ನಿಂದ ಇನ್ನಾಗದು ಎಂದು ಅವಳು ಯಾವತ್ತಾದರೂ ಯಾರಿಗಾದರೂ ಬರೆಯಹೊರಟರೆ, ಆ ಒಂದು ಇಮೇಲಿನ ಮಟ್ಟಿಗೆ ಮಾತ್ರ ಚೀಟಿಯನ್ನು ಹಳೆಯ ಸ್ಥಿತಿಗೆ ತಂದು, ಕೂದಲು ಬೆಳೆಸುವವರ ಜೊತೆಗೆ ಸೇರಿಸಿಬಿಡಬೇಕು. ಇದು ನಿಯಮಬಾಹಿರವೆಂದು ಬಲ್ಲೆ. ನಿಯಮಬಾಹಿರವಾದದ್ದನ್ನು ನಾನು ಲಿಖಿತವಾಗಿ ಕೇಳುತ್ತಿರುವುದು ಇದೇ ಮೊದಲು.

ಕ್ಷೌರಿಕರಿಗೆ ಅಕ್ಕ ಇಮೇಲ್ ಬರೆಯಲಿಲ್ಲ. ಅವರ ಮೂರನೆಯ ಇಮೇಲಿನ ಕೆಳಗೆ ಫೋನ್ ನಂಬರಿತ್ತು. ಕುಂಚವನ್ನು ಬದಿಗಿಟ್ಟು ತಾನೇ ಕರೆ ಮಾಡಿದಳು. ಬಂದು ಕುಳಿತಿದ್ದಾರೆ, ಕಣ್ಣಿನ ಗುಳಿಯ ಅಚ್ಚು ತೆಗೆದಾಗಿದೆ, ಅಂಚಿನ ಆ ಹಸಿರಿನ ಕೆಲಸ ನಡೆಯುತ್ತಿದೆ. ಕೂರುವಾಗ ಅವರು ಅಭ್ಯಾಸಬಲದಿಂದ ಅಕ್ಕನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರಂತೆ, ಅವಳು ಹಿಡಿದು ಕಿಟಕಿಯ ಕಡೆ ತಿರುಗಿಸಿದಳಂತೆ.

ಕೊನೆಯದಾಗಿ ಒಂದು ಪ್ರಶ್ನೆ. ವೈದ್ಯರನ್ನು ಕಂಡು ಮೇಲೆ ಹೋಗುವಾಗ ಅಕ್ಕ ಮೆಟ್ಟಿಲಿನ ನಡುವೆ ನಿಂತು, ಪಕ್ಕದ ಕಂಬಿಯನ್ನು ಹಿಡಿದುಕೊಂಡು, ಸಿಟ್ಟೇನೂ ಇಲ್ಲದೆ ನನ್ನನ್ನು ಕೇಳಿದಳು: "ಅಲ್ಲ ಕಣೋ, ಮೂರು ಭಾನುವಾರ ಎದುರಿಗೇ ಕೂತು ಉಂಡ್ಯಲ್ಲ. ಕಣ್ಣು ಸರಿಯಾಗಿದೆ ಅಕ್ಕಾ ಅಂತ ಒಂದು ಮಾತು ಬಾಯಿಬಿಟ್ಟು ಹೇಳೋಕೆ ನಿನಗೆ ಏನಾಗಿತ್ತು?"

ಈ ಪ್ರಶ್ನೆ ನನ್ನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಸೂಕ್ತ ಕ್ರಮಕ್ಕಾಗಿ ತಮಗೆ ರವಾನಿಸುತ್ತಿದ್ದೇನೆ.

ಇಷ್ಟಾದರೂ, ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಣ್ಣು ಬರೆಯುವವಳ ತಮ್ಮ

ಮರೆತ ಮಾತು: ಪ್ರತಿಯೊಂದು ಡೊಮೈನಿನ ದಾಖಲೆಗಳ ತಲೆಯಲ್ಲಿ, ಅದರ ಹೊಣೆ ಹೊತ್ತವರ ಇಮೇಲ್ ವಿಳಾಸವನ್ನೂ ತಾವು ಬರೆದಿಟ್ಟಿರುತ್ತೀರೆಂದೂ, ಸುಲಭವಾಗಿ ಸಿಗಬಾರದೆಂಬ ಸದುದ್ದೇಶದಿಂದಲೋ ಏನೋ ಅದರಲ್ಲಿ @ ಚಿಹ್ನೆ ಇರಬೇಕಾದಲ್ಲಿ ಒಂದು ಚುಕ್ಕಿ ಮಾತ್ರ ಇಟ್ಟಿರುತ್ತೀರೆಂದೂ ಓದಿ ತಿಳಿದೆ. ಈ ಪತ್ರವನ್ನು ಮೊದಲು ಆ ವಿಳಾಸಕ್ಕೇ ಕಳಿಸಿದ್ದೆ. ಉತ್ತರ ಬಂದಿಲ್ಲ, ತಲುಪಲಿಲ್ಲವೆಂದು ಹಿಂದಿರುಗಿಯೂ ಇಲ್ಲ. ಇದರಿಂದ ನಾನು ಯಾವ ತೀರ್ಮಾನಕ್ಕೂ ಬಂದಿಲ್ಲ. ತಮ್ಮ ಕಚೇರಿಗೆ ಮೆಟ್ಟಿಲು ಯಾವ ಬೀದಿಯ ಕಡೆಗಿದೆ ಎಂದು ತಿಳಿಸಿದರೆ, ಅಕ್ಕ ಖುದ್ದಾಗಿ ಬಂದು ಕೇಳುವುದಾಗಿ ಹೇಳಿದ್ದಾಳೆ.